ಅವ್ವನ ವಾರ್ಡು

ನಮ್ಮವ್ವ ಗ್ರಾಮ ಪಂಚಾಯಿತಿ ಮೆಂಬರಾಗಿದ್ದಳು ಎಂದು ಹೇಳಿದರೆ ಕೇಳಿದವರ ಮುಖ ಅರಳುತ್ತದೆ. ‘ಪರವಾಗಿಲ್ಲವೇ, ಎಸ್ಟೇಟಿನ ಕೂಲಿ ಹೆಂಗಸು ಅಷ್ಟು ಮುಂದೆ ಬಂದಳಲ್ಲ’ ಎನ್ನುತ್ತಾರೆ. ಹಾಗೆ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುಂದೆ ಬಂದದ್ದು ನಿಜ. ಬಂದು ಸಿಕ್ಕಿದ್ದೇನು ಎಂದು ಒಬ್ಬರೂ ಕೇಳುವುದಿಲ್ಲ. ಅವ್ವ ಮೆಂಬರಾಗಲು ಹೊರಟದ್ದು ಜನಸೇವೆಗಲ್ಲ, ಹೆಸರಿಗಲ್ಲ. ಸತ್ತಮೇಲೆ ಅಪ್ಪನ ಪಕ್ಕದಲ್ಲಿ ಮಲಗಲು ಮೂರು ಮೊಳ ಜಾಗ ಬೇಕಾಗಿತ್ತು, ಅಷ್ಟೇ.

ಸಕಲೇಶಪುರ ತಾಲ್ಲೂಕಿನ ಹಾನುಬಾಳಿನಿಂದ ಒಳಗೆ, ಜೀಪು ಹೋಗುವ ದಾರಿ ಮುಗಿಯುವ ಕಡೆ ನಮ್ಮ ಕಾಲೋನಿ. ನಮ್ಮ ಮೇಲುಗಡೆ ಊರು. ಊರು ಎಂದರೆ ಒಕ್ಕಲು ಮನೆಗಳು, ಅಂಗಡಿ, ಹಾಲಿನ ಡೇರಿ, ದೇವಸ್ಥಾನ. ನಮ್ಮ ಕೆಳಗೆ ಹಳ್ಳ. ಹಳ್ಳ ದಾಟಿದರೆ ಸಾಹುಕಾರರ ಎಸ್ಟೇಟು, ಆ ಎಸ್ಟೇಟಿನ ಒಳಗೆ ಗುಡ್ಡದ ಬೆನ್ನಿನ ಮೇಲೆ ಕೂಲಿಯವರ ಸಾಲುಮನೆಗಳು, ನಾವು ಲೈನು ಎನ್ನುವ ಲೈನುಗಳು. ಕಾಲೋನಿಗೂ ಹಳ್ಳಕ್ಕೂ ನಡುವೆ ಒಂದು ಇಳಿಜಾರು ಇತ್ತು. ಅದು ಸರ್ಕಾರಿ ಜಾಗ, ಯಾರೂ ಉಳುತ್ತಿರಲಿಲ್ಲ. ಅಲ್ಲಿ ನಮ್ಮ ಜನ ತಲೆತಲಾಂತರದಿಂದ ಹೆಣ ಹೂಳುತ್ತಿದ್ದರು. ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಕೆಲಸದಲ್ಲಿ ಅಪ್ಪ ಸಿಲ್ವರ್ ಮರದಿಂದ ಬಿದ್ದು ಸತ್ತಾಗ ಅವನನ್ನೂ ಅಲ್ಲೇ, ಒಂದು ಹಾಲುವಾಣದ ಬುಡಕ್ಕೆ, ಮಣ್ಣು ಮಾಡಿದರು. ನರಿ ಕೆದಕಬಾರದೆಂದು ಮೇಲೆ ಕಲ್ಲು ಹೇರಿ ಮುಳ್ಳು ಕವಿಸಿದರು. ಆಗ ನಾನು ಸಣ್ಣವಳು. ಹಿರಿಯರ ಹಬ್ಬಕ್ಕೆ ಎಡೆ ಇಡಲು ಹೋದಾಗ ಅವ್ವ ಆ ಕಲ್ಲಿನ ಪಕ್ಕದ ಜಾಗವನ್ನು ಕೈಯಲ್ಲಿ ಸವರಿ, “ಇದು ನಂದು ಕಣವ್ವ, ಇಲ್ಲಿ ಯಾರನ್ನೂ ಹಾಕಕ್ಕೆ ಬಿಡ್ಬ್ಯಾಡ” ಎನ್ನುತ್ತಿದ್ದಳು. ಬಸ್ಸಿನಲ್ಲಿ ಟವಲು ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ.

ತೊಂಬತ್ತರ ದಶಕದ ನಡುವಿನಲ್ಲಿ ಕಾಫಿಗೆ ಹುಚ್ಚು ರೇಟು ಬಂತು. ನಮ್ಮ ಸೀಮೆಯಲ್ಲಿ ಸೈಕಲ್ಲಿನಲ್ಲಿ ಓಡಾಡುತ್ತಿದ್ದವರು ಜೀಪು ಕೊಂಡರು, ಜೀಪಿದ್ದವರು ಕಾರು ಕೊಂಡರು. ಎಲ್ಲಿ ನಾಲ್ಕು ಗಿಡ ಹಿಡಿಯುತ್ತದೋ ಅಲ್ಲೆಲ್ಲ ಗುಂಡಿ ತೋಡಿ ರೋಬಸ್ಟ ನೆಟ್ಟರು. ಹಳ್ಳದ ಆಚೆಗಿದ್ದ ಸಾಹುಕಾರರ ತೋಟ ಒಂದು ಮಳೆಗಾಲದಲ್ಲಿ ಈಚೆಗೆ ದಾಟಿತು. ಕಾಲೋನಿಯ ಕೆಳಗಿನ ಇಳಿಜಾರಿನಲ್ಲಿ ಗುಂಡಿ ತೋಡಿದವರು ಯಾರು? ನಾವೇ. ದಿನಗೂಲಿಗೆ ನಮ್ಮ ಜನವೇ ಹೋಗಿ, ಗೋರಿ ತಪ್ಪಿಸಿ ತಪ್ಪಿಸಿ ಗುಂಡಿ ತೋಡಿದರು. ಎರಡನೇ ವರ್ಷ ತಪ್ಪಿಸುವುದನ್ನೂ ಬಿಟ್ಟರು.

ಅವ್ವ ಸಾಹುಕಾರರ ಮನೆಯ ಅಂಗಳಕ್ಕೆ ಹೋಗಿ ನಿಂತಳು. ಸಾಹುಕಾರರು ಕೆಟ್ಟವರಲ್ಲ. ನನ್ನನ್ನು ಕಂಡಾಗಲೆಲ್ಲ ಓದು ಹೇಗಿದೆ ಎಂದು ಕೇಳುತ್ತಿದ್ದರು, ಅಪ್ಪ ಸತ್ತಾಗ ಅಕ್ಕಿ ಕಳಿಸಿದ್ದರು. ಅವರ ಮೇಲೆ ನನಗಿರುವ ಸಿಟ್ಟು ಅವರು ಕೆಟ್ಟವರಾಗಿದ್ದರೆ ಇಷ್ಟಿರುತ್ತಿರಲಿಲ್ಲ.

“ಬುದ್ಧಿ, ನಮ್ಮೋರನ್ನ ಎಲ್ಲಿ ಮಣ್ಣು ಮಾಡಾದು ಇನ್ಮ್ಯಾಲೆ?” ಎಂದಳು ಅವ್ವ.

“ಇರೋ ಗೋರಿ ಇರ್ಲಿ ಕಣಮ್ಮ, ನಾನೇನ್ ಕಿತ್ತು ಬಿಸಾಕ್ತೀನಾ? ಹೊಸ್ದಾಗಿ ಹಾಕ್ಬ್ಯಾಡಿ ಅಷ್ಟೆ. ಬೇಲಿ ಬತ್ತೈತೆ. ಯಾರಾದ್ರೂ ಸತ್ರೆ ಲೈನ್ ಹಿಂದೆ ಜಾಗ ಐತಲ್ಲ, ರೈಟರ್ಗೆ ಒಂದ್ ಮಾತು ಹೇಳಿ ಹಾಕ್ಕಳಿ.”

ಬೇಲಿ ಬಂತು. ಗಿಡಗಳು ಬೆಳೆದು ಫಸಲು ಬಿಟ್ಟವು. ಕುಯ್ಲಿನಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವ್ವನನ್ನು ಹೊಸ ತೋಟದ ಸಾಲಿಗೆ ಹಾಕಿದ. ಅಪ್ಪನ ಕಲ್ಲುಗಳ ಪಕ್ಕದಲ್ಲೇ ಎದ್ದಿದ್ದ ಗಿಡದ ಹಣ್ಣನ್ನು ಅವಳೇ ಕುಯ್ದಳು. ಸಂಜೆ ನನಗೆ ಹೇಳಿದಳು: “ನಿಮ್ಮಪ್ಪನ ಮ್ಯಾಲಿನ ಗಿಡ ಬೋ ಚೆನ್ನಾಗಿ ಬುಟ್ಟೈತೆ ಕಣವ್ವ. ಕೊಂಬೆ ನೆಲಕ್ಕೆ ಬಂದ್ಬುಟ್ಟೈತೆ.” ಹೇಳಿ ನಕ್ಕಳು. ಆ ನಗು ಕೇಳಿದ ಮೇಲೆ ನನಗೆ ಕಾಫಿ ಕುಡಿಯಲು ಬಹಳ ದಿನ ಆಗಲಿಲ್ಲ.

ಪಂಚಾಯಿತಿಗೆ ನಿಲ್ಲುವ ಯೋಚನೆ ಹುಟ್ಟಿದ್ದು ಆಗಲೇ. ಆವರೆಗೆ ಕಾಲೋನಿಯೂ ಹಳ್ಳದಾಚೆಯ ಲೈನುಗಳೂ ಒಂದೇ ವಾರ್ಡು. ಎರಡೂ ಕಡೆ ನಮ್ಮ ಜನವೇ ಹೆಚ್ಚು. ಆ ಇಳಿಜಾರೂ ಅದೇ ವಾರ್ಡಿನೊಳಗಿತ್ತು. ಆ ವಾರ್ಡಿನ ಮೆಂಬರು ಬಾಯಿಬಿಟ್ಟು ಕೇಳಿದರೆ ಪಂಚಾಯಿತಿ ಠರಾವು ಮಾಡಲೇಬೇಕು, ಠರಾವಾದರೆ ಸರ್ವೆಯವರು ಬಂದು ಸರ್ಕಾರಿ ಜಾಗ ಅಳೆಯಲೇಬೇಕು, ಅಳೆದರೆ ಬೇಲಿ ಹಿಂದಕ್ಕೆ ಹೋಗಲೇಬೇಕು. ಇಷ್ಟನ್ನೂ ನಮಗೆ ಹೇಳಿಕೊಟ್ಟವರು ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರು. ಆವರೆಗಿನ ಮೆಂಬರು ಊರಿನವರೇ ಆಗಿದ್ದು, ಅವರಿಗೆ ನಮ್ಮ ಹೆಣದ ಚಿಂತೆ ಇರಲಿಲ್ಲ. “ಮುಂದಿನ ಸಲ ವಾರ್ಡು ಹೊಸದಾಗಿ ಮಾಡ್ತಾರೆ. ನಿಮ್ಮ ಜನ ಎಲ್ಲಿ ಜಾಸ್ತಿ ಇದ್ದಾರೋ ಆ ವಾರ್ಡು ಪರಿಶಿಷ್ಟ ಜಾತಿ ಮಹಿಳೆಗೆ ಬರಬಹುದು. ನಿಮ್ಮಮ್ಮನೇ ನಿಲ್ಲಲಿ” ಎಂದರು. ಅವ್ವ ಅವತ್ತು ರಾತ್ರಿ ಊಟ ಮಾಡಲಿಲ್ಲ. ಹೆದರಿಕೆಗೋ ಖುಷಿಗೋ ನನಗೆ ಗೊತ್ತಾಗಲಿಲ್ಲ. ಮಾರನೆಯ ದಿನದಿಂದ ಕಾಲೋನಿಯಲ್ಲಿ ಮನೆಮನೆಗೆ ಹೋಗಿ ಮಾತಾಡತೊಡಗಿದಳು. ಎಲ್ಲರೂ ಒಪ್ಪಿದರು. ಸಾಯದವರು ಯಾರಿದ್ದಾರೆ?

ಆಮೇಲೆ ಕುಯ್ಲು ಬಂತು.

ನಮ್ಮ ಕಡೆ ಕುಯ್ಲಿನ ಕಾಲಕ್ಕೆ ಒಂದು ಪದ್ಧತಿ. ಎಸ್ಟೇಟಿನ ಮೇಲ್ಭಾಗಕ್ಕೆ ಕಾಲೋನಿಯಿಂದ ದೂರ, ಇಬ್ಬನಿ ಆರುವ ಮೊದಲೇ ಸಾಲಿಗೆ ನಿಲ್ಲಬೇಕು. ಹಾಗಾಗಿ ಆ ಮೂರು ತಿಂಗಳು ಕಾಲೋನಿಯ ಸಂಸಾರಗಳೆಲ್ಲ ಮಕ್ಕಳುಮರಿ, ಕೋಳಿ ಸಮೇತ ಲೈನುಗಳಿಗೆ ಹೋಗಿಬಿಡುತ್ತವೆ. ಹೋಗುವಾಗ ಬಾಗಿಲಿಗೆ ಅಡ್ಡಲಾಗಿ ಒಂದು ಮುಳ್ಳಿನ ಕೊಂಬೆ ಕಟ್ಟುತ್ತಾರೆ. ದನ ನುಗ್ಗಬಾರದು, ನಾಯಿ ಮಲಗಬಾರದು ಎಂದು. ಲೈನಿನಲ್ಲಿರುವ ಸಂಸಾರಕ್ಕೆ ಎಸ್ಟೇಟಿನಿಂದ ಸೌದೆ ಉಂಟು, ಜೊತೆಗೆ ಒಂದು ಕಂಬಳಿ. ಕಾಲೋನಿಯಿಂದ ನಡೆದು ಬರುವವರಿಗೆ ಕಂಬಳಿಯಿಲ್ಲ. ಕಂಬಳಿ ಕೊಡುವ ಮುಂಚೆ ರೈಟರು ಲೈನಿನ ಜಗಲಿಗೆ ಬಂದು ಕೇಳುತ್ತಾನೆ, “ಎಲ್ಲಿರೋದು ನೀವು?” “ಲೈನಲ್ಲೇ ಸ್ವಾಮಿ” ಎನ್ನಬೇಕು. ಕಾಲೋನಿ ಎಂದರೆ ಕಂಬಳಿ ಹೋಯಿತು. ನಮ್ಮಲ್ಲಿ ಮಾತು ಬಂದ ಮಕ್ಕಳಿಗೆಲ್ಲ ಅದೊಂದು ಉತ್ತರ ಬಾಯಿಪಾಠ.

ಆ ವರ್ಷ ರೈಟರ ಜೊತೆಗೆ ಇನ್ನೊಬ್ಬರು ಬಂದರು. ಬಗಲಲ್ಲಿ ಚೀಲ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ವಾರ್ಡು ಮಾಡಲು ಮನೆ ಮನೆಯ ತಲೆ ಎಣಿಸಿಕೊಂಡು ಹೊರಟ ಸರ್ಕಾರದವರು. ಅವರೂ ಅದೇ ಪ್ರಶ್ನೆ ಕೇಳಿದರು: ಎಲ್ಲಿರೋದು ನೀವು? ಪಕ್ಕದಲ್ಲಿ ರೈಟರು ನಿಂತಿದ್ದಾನೆ. ಇಡೀ ಕಾಲೋನಿ ಒಂದೇ ಬಾಯಲ್ಲಿ “ಲೈನಲ್ಲೇ ಸ್ವಾಮಿ” ಎಂದಿತು. ನಮ್ಮವ್ವ ಎಲ್ಲರಿಗಿಂತ ಮುಂದೆ ನಿಂತು ಹೇಳಿದಳಂತೆ. ಆಮೇಲೆ ಆ ಮನುಷ್ಯ ಹಳ್ಳ ದಾಟಿ ಕಾಲೋನಿಗೂ ಹೋದರು. ಬಾಗಿಲು ಬಾಗಿಲಿಗೆ ಮುಳ್ಳು. ಕುಯ್ಯಲಾಗದೆ ಹಿಂದುಳಿದಿದ್ದ ನಾಲ್ಕಾರು ಮುದುಕರು ಬಿಸಿಲು ಕಾಯಿಸುತ್ತಿದ್ದರು. ಅವರನ್ನು ಎಣಿಸಿಕೊಂಡು ಹೋದರು.

ನಾನು ಆಗ ಸಕಲೇಶಪುರದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದೆ. ಭಾನುವಾರ ಬಂದಾಗ ಅವ್ವ ಹೊಸ ಕಂಬಳಿ ಹೊದ್ದು ತೋರಿಸಿದಳು. “ಈ ಸಲದ್ದು ದಪ್ಪ ಐತೆ ನೋಡು. ಆಪೀಸ್ನೋರು ಬೇರೆ ಬಂದಿದ್ರು, ಅವರ ಎದುರ್ಗೇ ಕೊಟ್ರು.” ಆಫೀಸಿನವರು ಯಾಕೆ ಬಂದಿದ್ದರು ಎಂದು ಕೇಳಿದೆ. “ತಲೆ ಎಣಿಸಕ್ಕೆ. ಎಲ್ಲಾರೂ ಲೈನು ಅಂದ್ವು.” ಅವಳಿಗೆ ಕಂಬಳಿಯ ಎಣಿಕೆಯೂ ಸರ್ಕಾರದ ಎಣಿಕೆಯೂ ಬೇರೆ ಬೇರೆ ಎಂದು ಹೇಳುವವರು ಯಾರಿದ್ದರು? ನನಗೂ ಆ ಗಳಿಗೆಯಲ್ಲಿ ಏನೂ ಹೊಳೆಯಲಿಲ್ಲ.

ಕುಯ್ಲು ಮುಗಿದು, ಕಾಫಿ ಹೂವರಳಿಸುವ ಹೂಮಳೆ ಬಿದ್ದು, ಜನ ಕಾಲೋನಿಗೆ ಮರಳಿ ಬಾಗಿಲ ಮುಳ್ಳು ಬಿಚ್ಚಿದರು. ಅಷ್ಟರಲ್ಲಿ ಹೊಸ ವಾರ್ಡುಗಳು ಆಗಿಹೋಗಿದ್ದವು. ಪಂಚಾಯಿತಿ ಆಫೀಸಿನ ಗೋಡೆಯ ಮೇಲೆ ಹಚ್ಚಿದ್ದ ನೋಟೀಸನ್ನು ನಾನೇ ಓದಿ ಅವ್ವನಿಗೆ ಹೇಳಿದೆ. ಹಳ್ಳವೇ ಗಡಿ. ಹಳ್ಳದ ಆಚೆ ಲೈನುಗಳದ್ದು ಒಂದು ವಾರ್ಡು, ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲು. ಹಳ್ಳದ ಈಚೆ ಊರು, ಕಾಲೋನಿ, ಇಳಿಜಾರು ಎಲ್ಲ ಸೇರಿ ಇನ್ನೊಂದು ವಾರ್ಡು, ಸಾಮಾನ್ಯ. ನಮ್ಮ ಓಟುಗಳೆಲ್ಲ ಆಚೆಗೆ ಹೋಗಿದ್ದವು. ನಮ್ಮ ಮನೆಗಳು, ನಮ್ಮ ಗೋರಿಗಳು ಈಚೆಗೆ ಉಳಿದಿದ್ದವು. ಪಕ್ಕದ ಮನೆಯ ಅಜ್ಜಿ ಕುಯ್ಲಿಗೆ ಹೋಗದಿದ್ದದ್ದಕ್ಕೆ ಊರಿನ ವಾರ್ಡು, ಅವಳ ಮಗ ಸೊಸೆ ಲೈನಿನ ವಾರ್ಡು. ಒಂದೇ ಒಲೆಯ ಅನ್ನ ಉಣ್ಣುವವರು.

ನಾನೂ ಮೇಷ್ಟ್ರೂ ಸಕಲೇಶಪುರಕ್ಕೆ ಬಸ್ಸು ಹತ್ತಿ ಹೋಗಿ ಆಫೀಸಿನಲ್ಲಿ ಕೇಳಿದೆವು. ಅಲ್ಲಿದ್ದವರು ಮರ್ಯಾದಸ್ಥರು, ಕೂರಿಸಿ ಮಾತಾಡಿದರು.

“ತಕರಾರು ಕೊಡೋದಕ್ಕೆ ಟೈಮ್ ಇತ್ತಲ್ಲಮ್ಮ. ಆವಾಗ ಯಾರೂ ಬರಲಿಲ್ಲ.”

“ಕುಯ್ಲಲ್ಲಿದ್ರು ಸಾರ್.”

“ಮೋಸ ಯಾರೂ ಮಾಡಿಲ್ಲ. ಎಲ್ಲಿದ್ದೀವಿ ಅಂತ ನಿಮ್ಮ ಜನವೇ ಹೇಳಿದ್ದಾರೆ. ಅಲ್ಲದೆ ಹಳ್ಳ ಅನ್ನೋದು ಗಡಿಗೆ ಬಹಳ ಒಳ್ಳೇದು. ಕಲ್ಲು ನೆಡೋದು ಬೇಡ, ಯಾರೂ ಜರುಗಿಸೋಕೂ ಆಗಲ್ಲ.”

ಹೌದು, ಯಾರೂ ಮೋಸ ಮಾಡಿರಲಿಲ್ಲ. ಮಾಡಿದ್ದರೆ ಜಗಳವಾಡಬಹುದಿತ್ತು. ನಮ್ಮನ್ನು ಎರಡು ತುಂಡು ಮಾಡಲು ಯಾರೂ ಕತ್ತಿ ಹಿಡಿಯಬೇಕಾಗಲಿಲ್ಲ. ನಮ್ಮದೇ ಬಾಯಿ, ನಮ್ಮದೇ ಬಾಗಿಲ ಮುಳ್ಳು ಸಾಕಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಮೇಷ್ಟ್ರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು.

ಅವ್ವ ಮಾತ್ರ ಬಗ್ಗಲಿಲ್ಲ. “ಮೆಂಬರ್ ಅಂದ್ರೆ ಮೆಂಬರ್ರೇ. ಯಾವ ವಾರ್ಡಾದ್ರೇನು? ಒಳಿಕ್ಕೋದ್ ಮ್ಯಾಲೆ ಬಾಯಿ ನಂದೇ ತಾನೆ?” ಎಂದಳು. ಇದಾದ ವಾರಕ್ಕೇ ಸಾಹುಕಾರರಿಂದ ಹೇಳಿಕೆ ಬಂತು. ಲೈನಿನ ವಾರ್ಡಿಗೆ ನಿನ್ನನ್ನೇ ನಿಲ್ಲಿಸುತ್ತೇವೆ, ಎದುರಿಗೆ ಯಾರೂ ನಿಲ್ಲದಂತೆ ನೋಡಿಕೊಳ್ಳುತ್ತೇವೆ ಎಂದು. ನನಗೆ ಕೋಪ ನೆತ್ತಿಗೇರಿತು. ಅವರು ನಿಲ್ಲಿಸಿದರೆ ಅವರವಳಾಗುತ್ತೀಯ ಎಂದು ಕೂಗಾಡಿದೆ. ಅವ್ವ ರೊಟ್ಟಿ ತಟ್ಟುತ್ತಾ, “ಅವರ ತೋಟದಾಗೆ ದುಡುದ್ರೂ ನಾನು ನಿಮ್ಮಪ್ಪನ ಹೆಂಡ್ತಿಯೇ ಆಗಿದ್ನಲ್ಲ” ಎಂದಳು. ಎದುರಾಳಿಯಿಲ್ಲದೆ ಗೆದ್ದಳು. ಲೈನಿನಲ್ಲಿ ತಮಟೆ ಬಡಿದರು. ಸಾಹುಕಾರರ ಮನೆಯಿಂದ ಹಾರ ಬಂತು.

ಮೊದಲನೇ ಮೀಟಿಂಗಿಗೆ ನಾನೂ ಹೋದೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದೆ, ಅವ್ವನಿಗೆ ಕಾಗದ ಓದಿ ಹೇಳಲು ಒಬ್ಬರು ಬೇಕಾಗಿತ್ತು. ನನ್ನನ್ನು ಒಳಗೆ ಬಿಡಲಿಲ್ಲ, ಕಿಟಕಿಯ ಹೊರಗೆ ಜಗಲಿಯ ಮೇಲೆ ಕೂತೆ. ನಮ್ಮ ಪಂಚಾಯಿತಿಯಲ್ಲಿ ಒಂದು ರೂಢಿ. ವಾರ್ಡಿನ ಮೇಲೆ ವಾರ್ಡು ಹೆಸರು ಕರೆಯುತ್ತಾರೆ, ಅವರವರ ವಾರ್ಡಿನ ಕೆಲಸ ಅವರವರು ಹೇಳಬೇಕು, ಉಳಿದವರು ತಲೆಯಾಡಿಸಬೇಕು. ಜಗಳ ಬೇಡವೆಂದು ಮಾಡಿಕೊಂಡ ರೂಢಿಯಂತೆ. ಅವ್ವನ ಸರದಿ ಬಂತು. ಎದ್ದು ನಿಂತು, ಸೆರಗು ಹೊದ್ದು, ಮನೆಯಲ್ಲಿ ನೂರು ಸಲ ಹೇಳಿ ನೋಡಿದ್ದನ್ನು ಹೇಳಿದಳು: “ಕಾಲೋನಿ ಕೆಳಗಿನ ಜಾಗ ಅಳಿಸ್ಬೇಕು. ನಮ್ ಜನಕ್ಕೆ ಸತ್ರೆ ಹಾಕಕ್ಕೆ ಜಾಗ ಇಲ್ಲ.”

ಊರಿನ ವಾರ್ಡಿನಿಂದ ಗೆದ್ದಿದ್ದವನು ಸಾಹುಕಾರರ ತಮ್ಮನ ಮಗ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಅವ್ವ ಎತ್ತಿ ಆಡಿಸಿದ ಹುಡುಗ. ಅವನು ಸಿಟ್ಟು ಮಾಡಲಿಲ್ಲ, ನಗುತ್ತಲೇ ಹೇಳಿದ: “ಅದು ನನ್ ವಾರ್ಡು ಕಣಮ್ಮ. ನಿಂದು ಹಳ್ಳದ್ ಆಚಿಗೆ. ನಿನ್ ವಾರ್ಡಿಗೆ ಏನ್ ಬೇಕೋ ಕೇಳು, ನಾನೇ ಕೈ ಎತ್ತೀನಿ.”

ಅಧ್ಯಕ್ಷರು ಅವ್ವನ ಕಡೆ ನೋಡಿದರು. ಕಾರ್ಯದರ್ಶಿ ಪೆನ್ನು ಹಿಡಿದು ಕಾದರು. ಅವ್ವ, “ಲೈನಿಗೆ ಒಂದು ನಲ್ಲಿ ಹಾಕ್ಸಿ” ಎಂದು ಕೂತಳು. ನಲ್ಲಿ ಮಂಜೂರಾಯಿತು. ಕೂಲಿಗಳಿಗೆ ನೀರು ಕೊಡುವುದು ಎಸ್ಟೇಟಿನ ಕೆಲಸ. ಅದನ್ನು ನಮ್ಮವ್ವನ ಬಾಯಿಂದ ಪಂಚಾಯಿತಿ ಮಾಡಿಕೊಟ್ಟಿತು. ಸಾಹುಕಾರರು ದೀಪಾವಳಿಗೆ ಸೀರೆ ಕಳಿಸಿದರು.

ಅಲ್ಲಿಂದ ಮುಂದೆ ಪ್ರತಿ ಮೀಟಿಂಗಿನಲ್ಲೂ ಅವ್ವ ಅದೇ ಮಾತನ್ನು ಕೇಳಿದಳು, ಅದೇ ಉತ್ತರ ಬಂತು. ಅವರಿಗೆ ಅದೊಂದು ತಮಾಷೆಯಾಗಿ ಹೋಯಿತು. “ಬಂತಪ್ಪಾ ಸುಡ್ಗಾಡು” ಎಂದು ಯಾರಾದರೂ ಮೆಲ್ಲಗೆ ಅನ್ನುವುದು, ಉಳಿದವರು ಬಾಯಿಗೆ ಕೈ ಇಟ್ಟು ನಗುವುದು. ಕಿಟಕಿಯಾಚೆ ಕೂತು ಹಲ್ಲು ಕಚ್ಚಿ ಕಚ್ಚಿ ನನಗೆ ದವಡೆ ನೋಯುತ್ತಿತ್ತು.

ಒಂದು ಬೇಸಿಗೆಯ ಮೀಟಿಂಗು ಮಾತ್ರ ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಸಭೆಯ ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಗಡಿಗೆ ಇತ್ತು. ಅವ್ವ ಅವತ್ತು ಹೋದವಳೇ ತನ್ನ ಕುರ್ಚಿ ಎಳೆದುಕೊಂಡು ಗಡಿಗೆಗೆ ಒತ್ತಿ ಕೂತಳು. ಕೂತು ಒಂದು ಲೋಟ ನೀರು ಮೊಗೆದು ಕುಡಿದಳು. ಲೋಟವನ್ನು ಮತ್ತೆ ಗಡಿಗೆಯ ಮೇಲೇ ಕವುಚಿದಳು. ಮೀಟಿಂಗು ನಡೆಯಿತು. ಹೊರಗೆ ಸುಡು ಬಿಸಿಲು, ಒಳಗೆ ತಗಡಿನ ಮಾಡು. ಒಬ್ಬರೂ ನೀರು ಕೇಳಲಿಲ್ಲ. ‘ನೀನು ಮುಟ್ಟಿದ್ದು ಬೇಡ’ ಎಂದು ಬಾಯಿಬಿಟ್ಟು ಹೇಳುವ ಕಾಲ ಹೋಗಿತ್ತು, ಕುಡಿಯುವ ಕಾಲ ಇನ್ನೂ ಬಂದಿರಲಿಲ್ಲ. ಊರಿನ ಮೆಂಬರು ತುಟಿ ಸವರಿಕೊಂಡದ್ದನ್ನು ನಾನು ಕಿಟಕಿಯಿಂದ ಕಂಡೆ. ಅವ್ವ ಮಧ್ಯೆ ಮಧ್ಯೆ, “ನೀರ್ ಬೇಕಾ ಬುದ್ಧಿ?” ಎಂದು ಬಹಳ ವಿನಯದಿಂದ ಕೇಳಿದಳು. ಕೊನೆಗೆ ಅಂಗಡಿಯಿಂದ ಸೋಡಾ ತರಿಸಿಕೊಂಡರು. ಮುಂದಿನ ಸಲ ಹೋಗುವಷ್ಟರಲ್ಲಿ ಗಡಿಗೆ ಹೊರಗಿನ ಜಗಲಿಗೆ ಬಂದಿತ್ತು. ಅವ್ವ ಅವತ್ತು ಮನೆಗೆ ಬಂದು, “ಇಷ್ಟು ವರ್ಸದಾಗೆ ನಾನು ಜರುಗಿಸಿದ್ದು ಅದೊಂದೇ ಕಣವ್ವ, ಗಡಿಗೆ” ಎಂದಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಅವಧಿ ಮುಗಿಯಿತು. ಮುಂದಿನ ಸರದಿಯಲ್ಲಿ ಆ ವಾರ್ಡಿನ ಮೀಸಲು ಬದಲಾಗಿ ಬೇರೆಯವರು ಬಂದರು. ಅವ್ವ ಮತ್ತೆ ಸೊಂಟಕ್ಕೆ ಚೀಲ ಕಟ್ಟಿ ಸಾಲಿಗೆ ನಿಂತಳು. ಕಾಲೋನಿಯಲ್ಲಿ ಸತ್ತವರನ್ನು ಅಷ್ಟರಲ್ಲಿ ಎಲ್ಲೆಲ್ಲೋ ಹಾಕಲು ಶುರುವಾಗಿತ್ತು. ಕೆಲವರನ್ನು ರೈಟರಿಗೆ ಹೇಳಿ ಲೈನಿನ ಹಿಂದೆ, ಒಬ್ಬ ಮುದುಕನನ್ನು ಅವನದೇ ಹಿತ್ತಲಿನ ಬಾಳೆಯ ಬುಡದಲ್ಲಿ. ಆ ಮನೆಯವರು ಆಮೇಲೆ ಆ ಬಾಳೆಗೊನೆ ತಿನ್ನಲಾರದೆ ಹಾಗೇ ಕೊಳೆಯಲು ಬಿಟ್ಟರು.

ಅವ್ವನಿಗೆ ಜಾಂಡೀಸು ಬಂದದ್ದು ಬೇಸಿಗೆಯಲ್ಲಿ. ಔಷಧಿಯ ಬೇರು ಆಯಿತು, ಸಕಲೇಶಪುರದ ಆಸ್ಪತ್ರೆ ಆಯಿತು. ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿ ಮೈ ಬತ್ತಿಹೋಯಿತು. ವಾಪಸು ಕರಕೊಂಡು ಹೋಗಿ ಎಂದಾಗ ಅವಳಿಗೇ ಎಲ್ಲ ಗೊತ್ತಾಯಿತು. ಮನೆಯ ಜಗಲಿಯಲ್ಲಿ ಮಲಗಿ ನನ್ನ ಕೈ ಹಿಡಿದು ಹೇಳಿದಳು: “ಹಿತ್ಲಲ್ಲಿ ಬ್ಯಾಡ, ನೀನು ಸೊಪ್ಪು ಬೆಳ್ಕಬೇಕು. ಲೈನ್ ಹಿಂದೂ ಬ್ಯಾಡ. ನಿಮ್ಮಪ್ಪನ ಹತ್ರಕ್ಕೆ ಬೇಲಿ ಎಲ್ಲೀಗಂಟ ಬುಡ್ತೈತೋ ಅಲ್ಲೀಗಂಟ ತಕೊಂಡೋಗಿ ಹಾಕ್ಬುಡಿ.”

ಬೇಲಿ ಬಿಡುತ್ತಿದ್ದದ್ದು ಹಳ್ಳದವರೆಗೆ. ಅಪ್ಪನ ಹಾಲುವಾಣ ಮರದ ನೇರಕ್ಕೆ ಕೆಳಗೆ, ಬೇಲಿಯ ಹೊರಗೆ, ಬೇಸಿಗೆಯಲ್ಲಿ ಒಣಗಿ ಬಿದ್ದಿರುತ್ತಿದ್ದ ಹಳ್ಳದ ಮರಳು ದಿಬ್ಬ. ನಾನು ಸಾಹುಕಾರರ ಬಳಿಗೆ ಹೋದೆ. ಹೋಗಬಾರದೆಂದುಕೊಂಡಿದ್ದೆ, ಆದರೂ ಹೋದೆ. ಹೆಣ ಮನೆಯಲ್ಲಿತ್ತು. ಸಾಹುಕಾರರು ಕಣ್ಣಲ್ಲಿ ನೀರು ತಂದುಕೊಂಡರು, ಅದು ಸುಳ್ಳು ನೀರಲ್ಲ. “ನಮ್ ಮೆಂಬರಮ್ಮ ಅವ್ಳು. ಲೈನ್ ಹಿಂದೆ ಒಳ್ಳೇ ಜಾಗ ಕೊಡ್ತೀನಿ, ಕಟ್ಟೆ ಕಟ್ಟುಸ್ತೀನಿ” ಎಂದರು. ಬೇಲಿ ಒಂದು ಗಳಿಗೆ ಬಿಚ್ಚಿಸಿ ಎಂದೆ. “ಒಬ್ರಿಗೆ ಬಿಚ್ಚಿದ್ರೆ ಎಲ್ಲಾರ್ಗೂ ಬಿಚ್ಬೇಕಾಯ್ತದೆ ಕಣಮ್ಮ” ಎಂದರು. ಆ ಮಾತು ನಿಜವಾಗಿತ್ತು. ಅದಕ್ಕೇ ಕೇಳಿದ್ದು ನಾವು.

ಹಳ್ಳದ ಮರಳಿನಲ್ಲಿ ಗುಂಡಿ ತೋಡಿದರು. ಮರಳು ಕುಸಿಯುತ್ತಿತ್ತು, ತೋಡಿದಷ್ಟೂ ಒಳಗೆ ಬೀಳುತ್ತಿತ್ತು. ಗುಂಡಿಯ ತಳದಲ್ಲಿ ಆಗಲೇ ತೇವ. “ಮಳೆಗಾಲಕ್ಕೆ ಮುಂಚೆ ಏನಾದ್ರೂ ಮಾಡಿ ಮ್ಯಾಕೆ ತಗಂಡೋಗಣ” ಎಂದರು ಹಿರಿಯರೊಬ್ಬರು. ಕಲ್ಲು ಹೇರಿದೆವು, ಮುಳ್ಳು ಕವಿಸಿದೆವು. ಬಾಗಿಲಿಗೆ ಅವಳೇ ಪ್ರತಿ ವರ್ಷ ಕಟ್ಟುತ್ತಿದ್ದಂಥದೇ ಮುಳ್ಳು.

ಆ ನಂತರದ ದಿನಗಳಲ್ಲಿ ನಾನು ಓಡಾಡಿದಷ್ಟು ನನ್ನ ಜೀವಮಾನದಲ್ಲಿ ಓಡಾಡಿಲ್ಲ. ಹಾನುಬಾಳಿನಿಂದ ಮೊದಲ ಬಸ್ಸು ಹಿಡಿಯುವುದು, ಸಕಲೇಶಪುರದ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುವುದು. ಜಾಗ ಅಳೆಯಿರಿ ಎಂದರೆ ಪಂಚಾಯಿತಿ ಠರಾವು ತನ್ನಿ ಎಂದರು. ಪಂಚಾಯಿತಿಗೆ ಹೋದರೆ ಆ ವಾರ್ಡಿನ ಮೆಂಬರು ಹೇಳಲಿ ಎಂದರು. ಆ ವಾರ್ಡಿನ ಮೆಂಬರು, “ನೀನು ನಮ್ ವಾರ್ಡಿನ ಓಟರ್ರೇ ಅಲ್ವಲ್ಲಮ್ಮ” ಎಂದ. ದಿನವೂ ಬಸ್ಸಿನ ಕಿಟಕಿಯಿಂದ ಆಕಾಶ ನೋಡುತ್ತಿದ್ದೆ. ಎಲ್ಲರೂ ಮಳೆ ಬರಲಿ ಎಂದು ಕಾಯುವ ಕಾಲ ಅದು. ತೋಟದವರು ಕಾಯುತ್ತಾರೆ, ಗದ್ದೆಯವರು ಕಾಯುತ್ತಾರೆ. ಮಳೆ ಬೇಡ, ಮಳೆ ಬೇಡ ಎಂದು ಗೊಣಗುತ್ತಾ ಕೂತವಳು ಇಡೀ ಬಸ್ಸಿನಲ್ಲಿ ನಾನೊಬ್ಬಳೇ. ಕಡೆಗೆ ಸರ್ವೆಯವರೊಬ್ಬರಿಗೆ ಕಾಲು ಹಿಡಿಯುವಷ್ಟು ಬಗ್ಗಿ ಹೇಳಿದೆ. ಅವರಿಗೆ ಕರುಣೆ ಬಂತು. “ಖಂಡಿತ ಬರ್ತೀನಮ್ಮ. ಮಳೆಗಾಲ ಕಳೀಲಿ. ಹಳ್ಳ ಇಳಿದ ಮೇಲೆ ಬರ್ತೀನಿ” ಎಂದರು.

ಮಳೆ ಹಿಡಿದದ್ದು ಒಂದು ಮಧ್ಯಾಹ್ನ. ಘಟ್ಟದ ಮೇಲೆ ಬಿದ್ದದ್ದು ಸಂಜೆಗೆ ನಮ್ಮ ಹಳ್ಳಕ್ಕೆ ಬಂತು. ನೀರು ಕೆಂಪಗೆ ಬಂತು, ದಿಬ್ಬವನ್ನು ಸುತ್ತಿತು, ಮುಳ್ಳು ತೇಲಿತು. ನಾನು ದಡದಲ್ಲಿ ಕೂಗುತ್ತಿದ್ದೆನಂತೆ. ಇಬ್ಬರು ನನ್ನನ್ನು ಹಿಡಿದುಕೊಂಡಿದ್ದರಂತೆ. ನನಗೆ ನೆನಪಿರುವುದು ಕಲ್ಲುಗಳು ಒಂದೊಂದಾಗಿ ಉರುಳಿದ ಸದ್ದು ಮಾತ್ರ. ಬೆಳಿಗ್ಗೆ ನೋಡಿದರೆ ದಿಬ್ಬವೇ ಇರಲಿಲ್ಲ. ಗಂಡಸರು ಹೇಮಾವತಿ ಸೇರುವ ತನಕ ದಡ ಹಿಡಿದು ಹುಡುಕಿಕೊಂಡು ಹೋಗಿ ಬಂದರು. ಏನೂ ಸಿಗಲಿಲ್ಲ. ಯಾರೂ ಜರುಗಿಸಲಾರದ ಗಡಿ ಎಂದಿದ್ದರಲ್ಲ ಆಫೀಸಿನವರು, ಆ ಗಡಿಯೇ ಅವ್ವನನ್ನು ಹೊತ್ತುಕೊಂಡು ಹೋಯಿತು. ನನಗೆ ಅವತ್ತು ಬದುಕುವುದೇ ಬೇಡ ಅನಿಸಿತ್ತು, ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ.

ಇದಾಗಿ ಕೆಲವು ವರ್ಷಕ್ಕೆ ವಿಧಾನಸಭೆ ಕ್ಷೇತ್ರಗಳನ್ನೂ ಹೊಸದಾಗಿ ಮಾಡಿದರು. ಆಲೂರನ್ನೂ ಸೇರಿಸಿಕೊಂಡು ನಮ್ಮ ಸಕಲೇಶಪುರ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹಾನುಬಾಳಿನ ಹೋಟೆಲಿನಲ್ಲಿ ಆ ಸುದ್ದಿ ಬಂದ ದಿನ ಸೂತಕದ ಮನೆಯ ಹಾಗಿತ್ತು. “ಇನ್ಮೇಲೆ ನಮ್ಮೋರು ಅಂತ ಕೇಳೋರೇ ಇಲ್ಲ ಬುಡಿ. ನಮ್ ತಾಲ್ಲೂಕಲ್ಲಿ ನಾವೇ ನಿಲ್ಲಂಗಿಲ್ಲ” ಎಂದು ಬೆಳೆಗಾರರೊಬ್ಬರು ತಲೆಯ ಮೇಲೆ ಕೈ ಹೊತ್ತಿದ್ದರು. ಅವರ ಸಂಕಟ ನೋಡಿ ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ನಮ್ಮೋರು ಅಂತ ಯಾರೂ ಇಲ್ಲದೆ ಇರುವುದು ಹೇಗೆಂದು ಅವರಿಗೆ ಒಂದು ದಿನಕ್ಕೇ ಗೊತ್ತಾಗಿಬಿಟ್ಟಿತ್ತು. ನಮ್ಮಲ್ಲಿ ಹುಡುಗರು ಪಟಾಕಿ ಹೊಡೆದರು. ಚುನಾವಣೆ ಬಂದಾಗ ಎಲ್ಲ ಪಕ್ಷದಿಂದಲೂ ನಮ್ಮವರೇ ನಿಂತರು. ಎಲ್ಲರೂ ಸಾಹುಕಾರರ ಮನೆಗೆ ಹೋಗಿ, ಕಾಫಿ ಕುಡಿದು, ಆಮೇಲೆ ಕಾಲೋನಿಗೆ ಬಂದರು. ಅವರಲ್ಲೊಬ್ಬರು ಜೀಪಿನಿಂದ ಇಳಿದು ನನಗೆ ಕೈ ಮುಗಿದು, “ಇನ್ನು ಈ ಕ್ಷೇತ್ರ ನಮ್ಮದೇ ತಾಯಿ. ಏನು ಬೇಕು ಹೇಳಿ” ಎಂದರು. ಹೇಳಿದೆ. ಬೇಲಿ ತೋರಿಸಿದೆ, ಹಾಲುವಾಣದ ಮರ ತೋರಿಸಿದೆ. ಅವರು ಬೇಲಿಯ ಕಡೆ ನೋಡಿ, ಜೊತೆಗೆ ಬಂದಿದ್ದ ಊರಿನ ಹಿರಿಯರ ಕಡೆ ನೋಡಿ, ದನಿ ತಗ್ಗಿಸಿ, “ಅದು ಪಂಚಾಯ್ತಿ ಲೆವೆಲ್ದು ತಾಯಿ, ನಿಮ್ಮ ಮೆಂಬರ್ಗೆ ಹೇಳಿ” ಎಂದರು.

ನಾನು ಕಾಲೋನಿಯ ಆ ಮನೆಯಲ್ಲೇ ಇದ್ದೇನೆ, ಅಂಗನವಾಡಿಯಲ್ಲಿ ಕೆಲಸ. ಅವತ್ತು ಅವ್ವ ಲೈನು ಎಂದದ್ದಕ್ಕೆ ನನ್ನ ಓಟು ಇನ್ನೂ ಲೈನಿನಲ್ಲೇ ಇದೆ. ಬೂತು ಹಳ್ಳದ ಆಚೆಗೆ, ಎಸ್ಟೇಟಿನ ಶಾಲೆಯಲ್ಲಿ. ಒಂದು ಚುನಾವಣೆಯನ್ನೂ ನಾನು ಬಿಟ್ಟಿಲ್ಲ. ಬಿಟ್ಟರೆ ಅವ್ವನಿಗೆ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತು. ಬೇಸಿಗೆಯಲ್ಲಿ ಹಳ್ಳ ಒಣಗಿ, ಹೊಸ ಮರಳು ಬಂದು ಕೂತಿರುತ್ತದೆ. ದಡದಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಅವಳು ಯಾವ ಕಡೆ ಇದ್ದಾಳೋ ಗೊತ್ತಿಲ್ಲ, ಎಲ್ಲಿ ತಪ್ಪಿಸಿ ನಡೆಯಬೇಕೋ ಗೊತ್ತಿಲ್ಲ. ಓಟು ಹಾಕಬೇಕೆಂದರೆ ನಾನು ಅವ್ವನನ್ನು ತುಳಿದುಕೊಂಡೇ ಹೋಗಬೇಕು.